ಕೊನೇ ಮನೆಯ ತಕರಾರು

ಕಾನೂನು ಪದವಿಯ ನಾಲ್ಕನೇ ವರ್ಷ ನನಗೆ ಬೇಕಾಗಿದ್ದದ್ದು ಒಂದೇ: ಅಣಕು ನ್ಯಾಯಾಲಯದ ತಂಡದಲ್ಲಿ ವಾದ ಮಾಡುವ ಜಾಗ. ಹಿಂದಿನ ವರ್ಷ ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು. ವಾದಿಸುವವರು ತಡವರಿಸಿದಾಗ ಚೀಟಿ ಬರೆದು ಮುಂದೆ ದಾಟಿಸುವುದು ನನ್ನ ಕೆಲಸ. ಚೀಟಿ ನನ್ನದು, ಚಪ್ಪಾಳೆ ಅವರದು. ಇನ್ನೊಂದು ವರ್ಷ ಹಾಗೆ ಕೂರುವ ಸಹನೆ ನನಗಿರಲಿಲ್ಲ.

ಉಳಿದದ್ದು ಒಂದೇ ಜಾಗ, ಆಕಾಂಕ್ಷಿಗಳು ಇಬ್ಬರು. ನಾನು, ಮತ್ತು ಮೆಹದಿಪಟ್ಟಣಂನಿಂದ ಬರುತ್ತಿದ್ದ ಸಹಪಾಠಿ. ಅವನು ಮೂರು ಸಲ ಓದಿ ಒಂದು ಮಾತಾಡುವವನು. ನಾನು ಒಂದು ಸಲ ಓದಿ ಮೂವತ್ತು ಮಾತಾಡುವವಳು. ಅಂತರರಾಷ್ಟ್ರೀಯ ಕಾನೂನು ಕಲಿಸುತ್ತಿದ್ದ ಮ್ಯಾಡಮ್ಮೇ ನ್ಯಾಯಾಧೀಶೆ.

ಕೊಟ್ಟ ಪ್ರಕರಣ ಸರಳವಾಗಿತ್ತು. ಎರಡು ಕಲ್ಪಿತ ದೇಶಗಳು, ನಡುವೆ ಹರಿಯುವ ಒಂದು ನದಿ. ಮೇಲಿನ ದೇಶ ಕೆಳಗಿನ ದೇಶಕ್ಕೆ ಒಂದು ಮಾತೂ ತಿಳಿಸದೆ ಅಣೆಕಟ್ಟು ಕಟ್ಟಲು ಶುರುಮಾಡಿದೆ. ನಾನು ಕೆಳಗಿನ ದೇಶದ ಪರ, ಅವನು ಮೇಲಿನದರ ಪರ. ಅಣೆಕಟ್ಟು ಕಟ್ಟುವ ಮೊದಲು ನೆರೆಯವರಿಗೆ ತಿಳಿಸಬೇಕು ಎನ್ನುವ ಒಪ್ಪಂದವೊಂದಕ್ಕೆ ಎರಡೂ ದೇಶಗಳು ಸಹಿ ಹಾಕಿದ್ದವು. ನನಗೆ ಅಷ್ಟು ಸಾಕಾಯಿತು. ಐದು ನಿಮಿಷ ಆ ಒಪ್ಪಂದದ ಮೇಲೆ ನಿಂತು ಕುಣಿದೆ.

ಅವನು ಎದ್ದು ನಿಂತ. "ಸಹಿ ಹಾಕಿದ್ದು ನಿಜ. ನಮ್ಮ ದೇಶ ಅದನ್ನು ಅನುಮೋದಿಸಿಲ್ಲ. ಕೊನೆಯ ಪುಟದ ಅನುಬಂಧ ನೋಡಬೇಕು," ಎಂದು ಕೂತುಬಿಟ್ಟ.

ಅನುಬಂಧವನ್ನು ನಾನು ತೆರೆದೇ ಇರಲಿಲ್ಲ. ಸಹಿ ಹಾಕಿದರಷ್ಟೇ ಸಾಲದು, ದೇಶವೊಂದು ವಿಧಿವತ್ತಾಗಿ ಅನುಮೋದಿಸುವವರೆಗೆ ಇಂಥ ಒಪ್ಪಂದ ಅದನ್ನು ಕಟ್ಟಿಹಾಕುವುದಿಲ್ಲ. ಈ ವಿಷಯದ ಮೊದಲ ವಾರದ ಪಾಠ ಅದು. ನನ್ನ ಮೇಲೇ ನನಗೆ ಕೆಟ್ಟ ಸಿಟ್ಟು ಬಂತು.

"ಮುಂದೆ?" ಎಂದರು ಮ್ಯಾಡಮ್.

"ಒಪ್ಪಂದವನ್ನು ಬಿಟ್ಟುಬಿಡುತ್ತೇನೆ. ಅದು ಇಲ್ಲದೆಯೂ ನಿಯಮ ಇದೆ, ದೇಶಗಳು ಕರ್ತವ್ಯವೆಂದು ಪಾಲಿಸುತ್ತ ಬಂದ ರೂಢಿಯ ನಿಯಮ," ಎಂದು, ಬೇರೆ ಬೇರೆ ದೇಶಗಳು ಅಣೆಕಟ್ಟಿಗೆ ಮುಂಚೆ ನೆರೆಯವರಿಗೆ ತಿಳಿಸಿದ್ದ ಉದಾಹರಣೆಗಳ ಹಾಳೆಗಳನ್ನು ಮುಂದಿಟ್ಟೆ.

"ಇವರೆಲ್ಲ ಸೌಜನ್ಯಕ್ಕೆ ಹೇಳಿರಬಹುದಲ್ಲ? ಕರ್ತವ್ಯ ಅಂತ ತಿಳಿದೇ ಹೇಳಿದರು ಅನ್ನುವುದು ಹೇಗೆ?" ಎಂದು ಮ್ಯಾಡಮ್ ಕೇಳಿದರು.

ಪುಸ್ತಕದ ಉತ್ತರ ನನಗೆ ಬಾಯಿಪಾಠವಿತ್ತು. ಆದರೆ ಬಾಯಿಗೆ ಬಂದದ್ದು ಬಾಲಾನಗರದ ನಮ್ಮ ಗಲ್ಲಿ.

ಕನ್ನಡ ಸೀಮೆಯಿಂದ ವಲಸೆ ಬಂದ ಅಪ್ಪ ಅಲ್ಲಿನ ಲೇತ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಗಲ್ಲಿಗೆಲ್ಲ ಒಂದೇ ನೀರಿನ ಪೈಪು, ನಮ್ಮದು ಕೊನೇ ಮನೆ. ಕಾಯ್ದೆ ಪ್ರಕಾರ ನಳಕ್ಕೆ ಮೋಟರ್ ಹಚ್ಚುವಂತೆಯೇ ಇಲ್ಲ, ಎಲ್ಲರೂ ಹಚ್ಚುತ್ತಾರೆ. ಮೇಲಿನವರು ಹಚ್ಚಿದರೆ ಕೆಳಗಿನವರ ನಳ ಒಣಗುತ್ತದೆ. ಅದಕ್ಕೇ ಸ್ವಿಚ್ ಒತ್ತುವ ಮೊದಲು ಕೆಳಗಿನ ಮನೆಗಳಿಗೆ ಕೂಗಿ ಹೇಳುವುದು ಗಲ್ಲಿಯ ಪದ್ಧತಿ. "ಅಕ್ಕಾ, ಮೋಟರ್ ವೇಸ್ತುನ್ನಾ!" ಮೋಟರ್ ಹಾಕುತ್ತಿದ್ದೇನೆ ಎಂದು ತೆಲುಗಿನಲ್ಲಿ ಒಬ್ಬರು, "ಪಾನಿ ಭರ್ ಲೋ!" ನೀರು ತುಂಬಿಕೊಳ್ಳಿ ಎಂದು ಉರ್ದುವಿನಲ್ಲಿ ಇನ್ನೊಬ್ಬರು. ನಾವು ಕುಡಿಯುವ ನೀರು ತುಂಬಿಕೊಂಡ ಮೇಲೆ ಅವರ ಮೋಟರ್.

ಒಂದು ದಿನ ಮೇಲಿನ ಮನೆಯಾತ ಹೇಳದೆ ಹಾಕಿಬಿಟ್ಟ. ಅವ್ವ ಗಲ್ಲಿಯ ನಡುವೆ ಹೋಗಿ ನಿಂತಳು. ಸಿಟ್ಟು ಬಂದರೆ ಅವಳಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. "ಹೇಳದಂಗ ಹೆಂಗ ಹಾಕಿದ್ರಿ? ನಾವೇನು ಮಣ್ಣು ಕುಡೀಬೇಕೇನ್ರಿ?" ಮನೆಯಲ್ಲಿ ನನ್ನ ಗೆಳತಿಯರು ಕೂತಿದ್ದರು. ನಾಚಿಕೆಯಿಂದ ನಾನು ಕಿಟಕಿ ಮುಚ್ಚಿದೆ. ಅಷ್ಟರಲ್ಲಿ ಆತ, ನೆಂಟರು ಬಂದಿದ್ದರು, ಮರೆತೇಹೋಯಿತು ಎಂದು ಸಮಜಾಯಿಷಿ ಕೊಡುತ್ತಿದ್ದ.

ಕಿಟಕಿಯದೊಂದು ಬಿಟ್ಟು ಮಿಕ್ಕಿದ್ದನ್ನೆಲ್ಲ ಮ್ಯಾಡಮ್ಮಿಗೆ ಹೇಳಿದೆ. "ಬರೀ ಸೌಜನ್ಯವಾಗಿದ್ದರೆ ಆತ ಅಷ್ಟೊಂದು ನೆಪ ಹೇಳುತ್ತಿರಲಿಲ್ಲ. ನಿಯಮ ಇದೆ, ಅದನ್ನು ಮುರಿದೆ ಅಂತ ಗೊತ್ತಿದ್ದಕ್ಕೇ ನೆಪ ಹುಡುಕಿದ. ಈ ಹಾಳೆಗಳಲ್ಲಿನ ದೇಶಗಳೂ ಎಂದಾದರೊಮ್ಮೆ ತಿಳಿಸದೇ ಹೋದಾಗ ನೆಪಗಳನ್ನೇ ಹೇಳಿವೆ."

ಮ್ಯಾಡಮ್ ಕನ್ನಡಕ ತೆಗೆದರು. "ಅಂಥ ನಿಯಮವೇ ಇಲ್ಲ ಅಂತ ಆತ ಹೇಳಿ, ಕೆಳಗಿನ ಮನೆಯವರು ಸುಮ್ಮನಿದ್ದರೆ?"

"ಸುಮ್ಮನಿದ್ದರೆ ನಿಯಮ ನಿಧಾನವಾಗಿ ಸಾಯುತ್ತದೆ. ಅದಕ್ಕೇ ಹೊರಗೆ ಬಂದು, ಎಲ್ಲರಿಗೂ ಕೇಳುವ ಹಾಗೆ ತಕರಾರು ಮಾಡಬೇಕು."

ಹೇಳುತ್ತಿದ್ದಂತೆ ಗಲ್ಲಿಯ ನಡುವೆ ನಿಂತ ಅವ್ವನ ನೆನಪಾಯಿತು.

ಜಾಗ ನನಗೆ ಸಿಕ್ಕಿತು. ನನ್ನ ಕಾಗದಗಳನ್ನು ತಪಾಸಣೆ ಮಾಡುವ ಕೆಲಸವನ್ನು ಮ್ಯಾಡಮ್ ಸಹಪಾಠಿಗೆ ವಹಿಸಿದರು. ಅವನ ಮುಖ ಸಣ್ಣದಾದದ್ದು ಕಂಡಿತು. ಆ ನೋವು ನನಗೆ ಗೊತ್ತಿದ್ದರಿಂದ ಬೀಗಲು ಮನಸ್ಸಾಗಲಿಲ್ಲ. ಅನುಬಂಧ ಎಲ್ಲಿದೆ ಎಂದು ಹುಡುಕುವುದನ್ನು ಅವನಿಂದಲೇ ಕಲಿತೆ.

ಆ ಸಂಜೆ ಮನೆಗೆ ಬಂದವಳೇ ಅವ್ವನಿಗೆ ಎಲ್ಲ ಒಪ್ಪಿಸಿದೆ. "ಅವತ್ತು ನಾ ಕಿಟಕಿ ಹಾಕಿದ್ದೆವ್ವ, ನಿನ್ನ ದನಿ ಗೆಳತ್ಯಾರಿಗೆ ಕೇಳಬಾರದಂತ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ ನನಗ. ಆ ಕಿಟಕಿ ಸಪ್ಪಳ ಕೇಳಿದ ಮ್ಯಾಲೇ ದನಿ ಇನ್ನೊಂದೀಟು ಏರಿಸಿದ್ದೆ."