ಬಾರದ ನೇರಳೆ ಬಣ್ಣ

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಅಟೆಂಡರ್. ದಟ್ಟಗಳ್ಳಿಯಿಂದ ಎಂಟರ ಬಸ್ಸು ಹಿಡಿದರೆ ಎಂಟೂವರೆಗೆ ಬೀಗ ತೆಗೆಯುತ್ತೇನೆ. ಕಿಟಕಿ ತೆರೆಯುವುದು, ಗ್ಯಾಸಿನ ನಲ್ಲಿಗಳನ್ನು ಒಂದೊಂದಾಗಿ ಮುಟ್ಟಿ ನೋಡುವುದು, ಹಿಂದಿನ ದಿನ ಮಗುಚಿಟ್ಟ ಟೆಸ್ಟ್ ಟ್ಯೂಬುಗಳನ್ನು ಬೆಳಕಿಗೆ ಹಿಡಿದು ಒಣಗಿವೆಯೇ ಎಂದು ಪರೀಕ್ಷಿಸುವುದು. ಹದಿನೆಂಟು ವರ್ಷದಿಂದ ಇದೇ ಕ್ರಮ.

ನಾನು ಓದಿದ್ದು ಪಿಯುಸಿ ಸೈನ್ಸ್. ಮದುವೆಯಾಯಿತು, ಓದು ಅಲ್ಲಿಗೇ ನಿಂತಿತು. ಅದನ್ನು ಮುಂದಕ್ಕೆ ಎಳೆದವರು ಆರ್ಗ್ಯಾನಿಕ್ ಪಾಠ ಮಾಡುವ ನಮ್ಮ ಮೇಷ್ಟ್ರು. ನನಗಿಂತ ಹತ್ತು ವರ್ಷ ಚಿಕ್ಕವರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಊಟ ತರುತ್ತಿರಲಿಲ್ಲ. ನನ್ನ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ಅವರಿಗೆ. ತಿನ್ನುತ್ತಲೇ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದರು.

“ಕಾರ್ಬನ್‌ಗೆ ನಾಲ್ಕು ಕೈ ಕಣಕ್ಕಾ. ಒಂದೂ ಸುಮ್ನಿರಲ್ಲ, ನಿಮ್ಮಂಗೇ!”

ಯಾವ ಪುಡಿಗೆ ಯಾವ ದ್ರಾವಣ ಹಾಕಿದರೆ ಯಾವ ಬಣ್ಣ, ಯಾಕೆ ಆ ಬಣ್ಣ ಎಂಬುದನ್ನೆಲ್ಲ ಹೇಳಿಕೊಟ್ಟವರು ಅವರೇ. ಅವರ ಮಗುವಿನ ನಾಮಕರಣಕ್ಕೆ ಸಿದ್ಧಾರ್ಥನಗರದ ಮನೆಯಲ್ಲಿ ಹೋಳಿಗೆಗೆ ಕಣಕ ನಾದಿದವಳು ನಾನು.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಮ್ಮಲ್ಲೊಂದು ಪದ್ಧತಿ ಇತ್ತು. ಯಾವ ನಂಬರಿನ ವಿದ್ಯಾರ್ಥಿಗೆ ಯಾವ ಪುಡಿ ಎಂಬ ಪಟ್ಟಿಯನ್ನು ಮೇಷ್ಟ್ರು ಹಿಂದಿನ ದಿನ ಬರೆದು ನನ್ನ ಕೈಗೆ ಕೊಡುವರು. ಬೆಳಿಗ್ಗೆ ನಾನು ಟ್ಯೂಬಿಗೆ ತುಂಬಿ ನಂಬರು ಅಂಟಿಸುವೆ. ಪುಡಿ ಯಾವುದೆಂದು ಹುಡುಗರೇ ಪರೀಕ್ಷೆ ಮಾಡಿ ಕಂಡುಹಿಡಿಯಬೇಕು. ಅಲ್ಲಿಯವರೆಗೆ ಆ ಗುಟ್ಟು ನಮ್ಮಿಬ್ಬರದೇ. “ಆಂಟಿ, ಒಂದೇ ಒಂದು ಅಕ್ಷರ ಹೇಳಿ” ಎಂದು ಗೋಗರೆದ ಹುಡುಗರೆಷ್ಟೋ. “ಹೋಗ್ರೋ, ನನ್ನ ಮಗನಿಗೇ ಹೇಳ್ಲಿಲ್ಲ ನಾನು” ಎಂದು ಓಡಿಸುತ್ತಿದ್ದೆ. ನಿಜವಾಗಿಯೂ ಹೇಳಿರಲಿಲ್ಲ. ಅವನೂ ಇದೇ ಲ್ಯಾಬಿನಲ್ಲಿ ಪರೀಕ್ಷೆ ಬರೆದವನು.

ಈ ಸಲದ ಪಟ್ಟಿಯಲ್ಲಿ ನಾಲ್ಕು ಜನರ ನಂಬರಿಗೆ ಸ್ಯಾಲಿಸಿಲಿಕ್ ಆಸಿಡ್ ಇತ್ತು. ಪರೀಕ್ಷೆಯ ಬೆಳಿಗ್ಗೆ ಬಾಟಲಿ ತೆರೆದರೆ ಪುಡಿಯ ಮೇಲ್ಪದರವೆಲ್ಲ ತಿಳಿಗುಲಾಬಿ. ಕೆಟ್ಟಿದೆ, ಕೊಡುವಂತಿಲ್ಲ. ಮೇಷ್ಟ್ರು ಇನ್ನೂ ಬಂದಿರಲಿಲ್ಲ, ಫೋನೂ ಎತ್ತಲಿಲ್ಲ. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರಿಗೆ ತೋರಿಸಿದೆ. “ಬೆಂಜೋಯಿಕ್ ಆಸಿಡ್ ಹಾಕ್ಬಿಡಿ ಮೇಡಂ” ಎಂದು ಅವರೇ ಪಟ್ಟಿಯಲ್ಲಿ ತಿದ್ದಿ ಸಹಿ ಹಾಕಿದರು. ಅಷ್ಟರಲ್ಲಿ ಹುಡುಗರು ಒಳಗೆ ಬಂದರು. ಮೇಷ್ಟ್ರು ಬಂದಾಗ ನಾನು ಸ್ಪಿರಿಟ್ ಲ್ಯಾಂಪು ಹಚ್ಚುತ್ತಾ ಓಡಾಡುತ್ತಿದ್ದೆ. ಬದಲಾಯಿಸಿದ್ದನ್ನು ಅವರಿಗೆ ಹೇಳಲು ಮರೆತೆ.

ಮರುದಿನ ಪ್ರಿನ್ಸಿಪಾಲರ ಕೊಠಡಿಯಿಂದ ಕರೆ ಬಂತು. ಮೇಷ್ಟ್ರು ಆಗಲೇ ಅಲ್ಲಿ ಕೂತಿದ್ದರು. ನನ್ನ ಕಡೆ ನೋಡಲಿಲ್ಲ.

“ಏನಮ್ಮಾ ಇದು? ಮೂರು ಜನ ಹುಡುಗ್ರು ಟೆಸ್ಟೇ ಮಾಡ್ದೆ ಉತ್ತರ ಬರೆದವ್ರೆ ಅಂತ ಪರೀಕ್ಷಕರು ರಿಪೋರ್ಟ್ ಕೊಟ್ಟವ್ರೆ. ಪಟ್ಟಿ ನಿಮ್ಮ ಹತ್ರ ಇತ್ತಂತೆ. ನೀವೇ ಹೇಳಿರ್ಬೇಕು ಅಂತಾರೆ ಮೇಷ್ಟ್ರು.”

ಮೇಜಿನ ಮೇಲೆ ನನ್ನ ಹೆಸರಿಗೆ ಮೆಮೊ ಟೈಪಾಗಿ ಕೂತಿತ್ತು. ಲ್ಯಾಬಿನ ಕೀಲಿಗೊಂಚಲು ಒಪ್ಪಿಸಬೇಕಂತೆ, ಆಫೀಸಿನಲ್ಲಿ ಫೈಲು ಹೊರುವ ಕೆಲಸವಂತೆ. ಅದಕ್ಕಿಂತ, ಹುಡುಗರಿಗೆ ಉತ್ತರ ಹೇಳಿಕೊಟ್ಟವಳು ಎಂಬ ಮಾತು ಉಳಿಯುತ್ತದೆ.

“ಏನಂತ ಬರೆದವ್ರೆ ಸಾರ್?” ಎಂದೆ.

“ಸ್ಯಾಲಿಸಿಲಿಕ್ ಅಂತೆ, ನೇರಳೆ ಬಣ್ಣ ಬಂತಂತೆ. ನಾನು ಕಾಮರ್ಸಿನವನಮ್ಮ, ನಂಗೆ ಈ ಪುಡಿಗಿಡಿ ಗೊತ್ತಾಗಲ್ಲ.”

ಆಗ ನನಗೆ ಉಸಿರು ಬಂತು. “ಒಂದು ಗಳಿಗೆ ಲ್ಯಾಬಿಗೆ ಬನ್ನಿ ಸಾರ್” ಎಂದೆ.

ಇಬ್ಬರೂ ಬಂದರು. ಒಂದು ಟ್ಯೂಬಿಗೆ ಕೆಟ್ಟ ಬಾಟಲಿಯ ಪುಡಿ ಹಾಕಿದೆ, ಇನ್ನೊಂದಕ್ಕೆ ಪರೀಕ್ಷೆಗೆ ಕೊಟ್ಟ ಪುಡಿ. ನೀರು ಬೆರೆಸಿ, ಎರಡಕ್ಕೂ ಫೆರಿಕ್ ಕ್ಲೋರೈಡಿನ ಹನಿ ಬಿಟ್ಟೆ. ಮೊದಲನೆಯದು ಕಡು ನೇರಳೆಯಾಯಿತು. ಎರಡನೆಯದರಲ್ಲಿ ಮಾಸಲು ಕಂದು ಗಸಿ ಇಳಿಯಿತು.

“ಹುಡುಗ್ರ ಕೈಗೆ ಕೊಟ್ಟಿದ್ದು ಈ ಎರಡನೇದು ಸಾರ್. ಇದ್ರಲ್ಲಿ ನೇರಳೆ ಏನು ಮಾಡಿದ್ರೂ ಬರಲ್ಲ. ಬೆಳಿಗ್ಗೆ ಬದ್ಲಾಯಿಸ್ದೋಳು ನಾನೇ. ಹಿಂದಿನ ದಿನವೇ ಹೇಳ್ಬುಟ್ಟಿದ್ರೂ, ಲ್ಯಾಂಪು ಹಚ್ಚುವಾಗ ಹೊಸ ಹೆಸ್ರು ಹೇಳ್ದೆ ಬಿಡ್ತಿದ್ನಾ? ಅವ್ರು ಬರೆದಿರೋದು ಹಳೇ ಪಟ್ಟಿ.” ಪರೀಕ್ಷಕರ ಸಹಿಯಿದ್ದ ಹಾಳೆಯನ್ನು ಮುಂದಿಟ್ಟೆ.

ಹಳೇ ಪಟ್ಟಿ ನನ್ನ ಬಿಟ್ಟರೆ ಯಾರಿಗೆ ಗೊತ್ತಿತ್ತು ಎಂದು ನಾನು ಹೇಳಲಿಲ್ಲ. ಪ್ರಿನ್ಸಿಪಾಲರು ತಾವಾಗಿಯೇ ಮೇಷ್ಟ್ರ ಕಡೆ ತಿರುಗಿದರು. ಆ ಮೂವರೂ ಸರಸ್ವತಿಪುರಂನಲ್ಲಿ ಸಂಜೆ ಮೇಷ್ಟ್ರು ಪಾಠ ಹೇಳುವ ಟ್ಯುಟೋರಿಯಲ್ಲಿನ ಹುಡುಗರು. ನಾಲ್ಕನೆಯವಳು ಅಲ್ಲಿಗೆ ಹೋಗದವಳು. ಅವಳೊಬ್ಬಳೇ ಸರಿಯಾಗಿ ಬರೆದಿದ್ದಳು.

“ಇಂಪಾರ್ಟೆಂಟ್ ಅಂತ ಒಂದೆರಡು ಹೇಳಿದ್ದೆ ಅಷ್ಟೇ ಸಾರ್” ಎಂದರು ಮೇಷ್ಟ್ರು.

“ರಿಜಿಸ್ಟರ್ ನಂಬರ್ ಸಮೇತ ಇಂಪಾರ್ಟೆಂಟಾ?”

ಮೇಷ್ಟ್ರು ಎರಡೂ ಟ್ಯೂಬುಗಳನ್ನು ಸ್ಟ್ಯಾಂಡಿಗೆ ಎತ್ತಿಟ್ಟರು. ಕೊನೆಗೆ ಪ್ರಿನ್ಸಿಪಾಲರೇ, “ಆಯ್ತು, ದೊಡ್ಡದು ಮಾಡೋದು ಬೇಡ, ಇಬ್ರೂ ಅಡ್ಜಸ್ಟ್ ಮಾಡ್ಕೊಂಡೋಗಿ” ಎಂದರು. ಜೋರಾಗಿ ಮಾತಾಡಿ ಅಭ್ಯಾಸವಿಲ್ಲದವಳು ನಾನು. ಆದರೂ ಪ್ರಿನ್ಸಿಪಾಲರ ಹಿಂದೆಯೇ ಹೋದೆ, ಮೆಮೊ ವಾಪಸ್ ಪಡೆದಿದ್ದೇವೆಂದು ಅವರು ಬರೆದು ಸಹಿ ಹಾಕುವವರೆಗೆ ಅವರ ಕೊಠಡಿಯ ಬಾಗಿಲು ಬಿಟ್ಟು ಕದಲಲಿಲ್ಲ.

ಹೊರಗೆ ಬಂದಾಗ ಮೇಷ್ಟ್ರು ಹಿಂದೆಯೇ ಬಂದರು. “ಅಕ್ಕಾ, ಆ ಹೊತ್ತಿಗೆ ಏನೂ ತೋಚ್ಲಿಲ್ಲ ಕಣಕ್ಕಾ. ನನಗಾದ್ರೆ ಕೆಲಸವೇ ಹೋಗ್ಬುಡ್ತದೆ. ನಿಮಗೆ ಏನೂ ಆಗಲ್ಲ ಅಂದ್ಕೊಂಡೆ.”

ಸುಳ್ಳು ಹೇಳಿದ್ದಕ್ಕಿಂತ ಈ ಮಾತೇ ನನ್ನನ್ನು ಹೆಚ್ಚು ಸುಟ್ಟಿತು. ಹೆದರಿ ಬಾಯಿಗೆ ಬಂದ ಹೆಸರು ಹೇಳಿದ್ದರೆ ಮರೆಯುತ್ತಿದ್ದೆನೇನೋ. ಅವರು ಲೆಕ್ಕ ಹಾಕಿ ನನ್ನನ್ನು ಆರಿಸಿದ್ದರು.

ಮುಂದಿನ ಬ್ಯಾಚಿನ ಪರೀಕ್ಷೆಯ ಹಿಂದಿನ ದಿನ, ಎಂದಿನಂತೆ ಪಟ್ಟಿ ಮಡಿಸಿಕೊಂಡು ಬಂದು ನನ್ನ ಮುಂದೆ ಚಾಚಿದರು. ನಾನು ಕೈ ನೀಡಲಿಲ್ಲ.

“ಕವರಿಗೆ ಹಾಕಿ ಅಂಟಿಸಿ ಪ್ರಿನ್ಸಿಪಾಲರಿಗೆ ಕೊಟ್ಬುಡಿ ಮೇಷ್ಟ್ರೇ. ನಾಳೆ ಪರೀಕ್ಷಕರು ಒಡೆದು ಕೊಡ್ಲಿ, ಆಗ ತುಂಬ್ತೀನಿ.”

“ಇಷ್ಟು ವರ್ಷ ನಿಮ್ಮ ಕೈಗೇ ಕೊಡ್ತಿದ್ದೆನಲ್ಲಕ್ಕ?”

“ಹೌದು. ನಿಮಗೂ ನನಗೂ ಮಾತ್ರ ಗೊತ್ತಿರೋ ವಿಷಯ ಯಾವ್ದೂ ಇನ್ಮೇಲೆ ಬೇಡ.”