ನೀರು ಕಾಣದ ಅಂಗಿ

ಮಸ್ಕಿಯ ದರ್ಜಿ ಮಕ್ತುಮ್‌ಸಾಬ್ ನನ್ನ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡೇ ಮುದುಕನಾದ. ನಾನು ಅಳೆದು ಹರಿದು ಕೊಟ್ಟ ಬಟ್ಟೆ ನೇರ ಅವನ ಕೈಗೆ, ಅಲ್ಲಿಂದ ನೇರ ನೀರು ತುಂಬಿದ ಮಣ್ಣಿನ ಹರವಿಗೆ. ನೆನೆಸಿ ಒಣಗಿಸದ ಹೊಸ ಬಟ್ಟೆಗೆ ಅವನು ಕತ್ತರಿ ಹಚ್ಚುವವನಲ್ಲ. ಹೊಲಿದ ಮೇಲೆ ಕುಗ್ಗುವುದು ಮೊದಲೇ ಕುಗ್ಗಲಿ ಎನ್ನುತ್ತಿದ್ದ. ಗಂಜಿ ಬಿಟ್ಟು ಜಾಳಾದ ಬಟ್ಟೆ ಬೇಲಿಯ ಮೇಲೆ ತೂಗುವಾಗ ಗಿರಾಕಿಗಳು ಅದನ್ನೂ ನೋಡುತ್ತಿದ್ದರು, ನನ್ನನ್ನೂ ನೋಡುತ್ತಿದ್ದರು.

"ಮಾರಾಯ, ಹಿತ್ತಲದಾಗ ಒಣಹಾಕೋ" ಎಂದರೆ, "ಬಿಸಲು ಮುಂದ ಐತ್ರಿ, ಸಾವ್ಕಾರ್ರ" ಎನ್ನುತ್ತಿದ್ದ.

ಅಷ್ಟರಲ್ಲಿ ಲಿಂಗಸುಗೂರಿನ ಗಿಡ್ಡಪ್ಪ ಬಂದು ಎದುರಿಗೇ ಯಂತ್ರ ಹೂಡಿದ. ಬೆಳಿಗ್ಗೆ ಬಟ್ಟೆ ಕೊಟ್ಟರೆ ಸಂಜೆಗೆ ಅಂಗಿ. ನೆನೆಸುವ ಮಾತೇ ಇಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಮಕ್ತುಮ್‌ಸಾಬನಿಗೆ ಉಳಿದದ್ದು ಪಾಮನಕಲ್ಲೂರಿನ ಗಾಳೆಮ್ಮನ ದೊಡ್ಡ ಮನೆತನ ಒಂದೇ. ಅದೂ ಹೋದರೆ ಅವನು ಮಸ್ಕಿ ಬಿಡಬೇಕಿತ್ತು.

ಆ ಬೇಸಿಗೆ ಗಾಳೆಮ್ಮನ ಮಗ ಆದೆಪ್ಪನ ಮದುವೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗನನ್ನು ಕೂಡಿಸಿ ನೀರೆರೆಯುವ ಸುರಗಿ ಶಾಸ್ತ್ರದ ಅಂಗಿಗೆಂದು ಅವಳು ನನ್ನ ಅಂಗಡಿಯಲ್ಲಿ ಬಿಳಿ ಮಾಂಜರಪಾಟ ಬಟ್ಟೆ ಹರಿಸಿದಳು.

"ಸಾಬಣ್ಣ, ಇದಕ್ಕ ನೀರು ಮುಟ್ಟಿಸಬ್ಯಾಡ. ಸುರಗಿ ನೀರೇ ಇದಕ್ಕ ಮೊದಲನೇ ನೀರು. ನಮ್ಮ ಮನಿ ಪದ್ಧತಿ."

"ಅಮ್ಮಾರ, ಒಣಗಿದ ಮ್ಯಾಲ ಗೇಣುದ್ದ ಕುಗ್ಗತೈತ್ರಿ. ಮತ್ತ ಮೈಯಾಗ ಹೋಗೂದಿಲ್ಲ."

"ಇದನ್ನ ಹೇಳಿ ಹೇಳೇ ಗಿರಾಕಿ ಕಳಕೊಂಡಿ. ಗಿಡ್ಡಪ್ಪಗ ಕೊಡ್ಲೇನು?"

ಮಕ್ತುಮ್‌ಸಾಬ್ ನನ್ನ ಕಡೆ ನೋಡಿದ. ನಾನು ಗಜಕೋಲಿನ ಧೂಳು ಒರೆಸುತ್ತಿದ್ದೆ.

"ಹೊಲೀತೀನ್ರಿ" ಎಂದ.

ನೀರು ಮುಟ್ಟಿಸಲಿಲ್ಲ. ಕುಗ್ಗುವಷ್ಟನ್ನು ಲೆಕ್ಕ ಹಿಡಿದು ದೊಡ್ಡದಾಗಿಯೇ ಕತ್ತರಿಸಿದ.

ಮದುವೆಗೆ ನಾವಿಬ್ಬರೂ ಹೋಗಿದ್ದೆವು. ಆದೆಪ್ಪ ಅಂಗಿ ತೊಟ್ಟು ಹೊರಗೆ ಬಂದರೆ ಬೆರಳು ಕಾಣಲೊಲ್ಲವು. ಅಂಚು ಮೊಣಕಾಲಿಗೆ ಬಡಿಯುತ್ತಿತ್ತು.

"ಅಪ್ಪನ ಅಂಗಿ ಹಾಕ್ಕೊಂಡು ಬಂದಾನೇನ್ಬೇ?" ಎಂದಳು ಹೆಣ್ಣಿನ ಕಡೆಯವಳೊಬ್ಬಳು.

"ಒಳಗ ಇನ್ನೊಬ್ಬನ್ನ ಕೂಡಸ್ರಿ, ಜಾಗ ಐತಿ!" ಎಂದಳು ಮತ್ತೊಬ್ಬಳು. ಹಂದರ ನಕ್ಕಿತು.

ಗಾಳೆಮ್ಮ ನೇರ ನಮ್ಮ ಹತ್ತಿರ ಬಂದಳು. "ಬೀಗರ ಮುಂದ ಮಾನ ಕಳದಿ, ಸಾಬಣ್ಣ."

"ನೀರು ಬಿದ್ದು ಒಣಗಲ್ರಿ ಅಮ್ಮಾರ, ಅಳತಿಗೆ ಬರತೈತಿ."

"ಬರ್ಲಿ, ಬಿಡ್ಲಿ. ನಮ್ಮ ಮನಿ ಬಟ್ಟಿ ಇನ್ನ ನಿನ್ನ ಕಟ್ಟಿ ಹತ್ತೂದಿಲ್ಲ."

ಸುರಗಿ ಮುಗಿದು ಆದೆಪ್ಪ ಬೇರೆ ಬಟ್ಟೆ ಉಟ್ಟ. ಒದ್ದೆ ಅಂಗಿಯನ್ನು ಹಂದರದ ಹಿಂದಿನ ಹಗ್ಗಕ್ಕೆ ಹಾಕಿದರು; ಬೇಸಿಗೆಯ ಬಿಸಿಲಿಗೆ ಬೇಗ ಒಣಗಿತು. ಎಲ್ಲರೂ ಊಟಕ್ಕೆ ಕುಳಿತಾಗ ಮಕ್ತುಮ್‌ಸಾಬ್ ಅದರ ತೋಳನ್ನು ಗೇಣಿನಿಂದ ಅಳೆದು ನೋಡಿದ. ಸರಿಯಾಗಿ ಆದೆಪ್ಪನ ಅಳತೆ.

"ತಡಿ, ಗಾಳೆಮ್ಮನ್ನ ಕರೀತೀನಿ" ಎಂದೆ.

"ಬ್ಯಾಡ್ರಿ. ಉಣಾಕತ್ತಾರ, ಉಣ್ಲಿ. ನಕ್ಕೋರು ಈಗ ಇದನ್ನ ನೋಡಿ ಅಳ್ತಾರೇನು?"

ಮಳೆ ಹಿಡಿಯುವ ಮುಂಚೆ ಅವನು ಯಂತ್ರವನ್ನು ಬಂಡಿಗೆ ಏರಿಸಿ ಚಿನ್ನದ ಗಣಿಯ ಊರು ಹಟ್ಟಿಗೆ ಹೋದ. ವ್ಯಾಪಾರಕ್ಕೆಂದು ಆ ಕಡೆ ಹೋದಾಗ ನೋಡಿದೆ: ಗಣಿಯ ಕೂಲಿಗಳ ಹರಿದ ಚಲ್ಲಣ, ಅಂಗಿಗಳ ಗುಡ್ಡೆಯ ನಡುವೆ ಕುಳಿತು ತೇಪೆ ಹಾಕುತ್ತಿದ್ದ. ಮೊದಲಿಗಿಂತ ಬಡಕಲಾಗಿದ್ದ.

"ಹೆಂಗೈತೋ ಇಲ್ಲಿ?"

"ಚಲೋ ಐತ್ರಿ. ಎಲ್ಲಾ ಹಳೇ ಬಟ್ಟಿ. ನೆನಸೂದಿಲ್ಲ, ಹೇಳೂದಿಲ್ಲ" ಎಂದು ದಾರ ಕಚ್ಚಿ ಹರಿದು, ಮುಂದಿನ ಚಲ್ಲಣ ಎಳೆದುಕೊಂಡ.