ಹದ ನೋಡುವ ನಾಲಿಗೆ

ನಾನು ಗಂಡನನ್ನು ಉಪವಾಸ ಕೆಡವುತ್ತಿದ್ದೇನೆಂದು ಅಂಕಲಿಯ ನಮ್ಮ ಓಣಿಯ ತುಂಬ ಸುದ್ದಿಯಾಗಿತ್ತು. ಎಂಬತ್ತರ ದಶಕದ ಕೊನೆಯ ಮಾತು. ನೆನಪಾದರೆ ಈಗಲೂ ಮೈ ಉರಿಯುತ್ತದೆ. ಬಾವಿಕಟ್ಟೆಯ ಮೇಲೆ ನನಗೆ ಕೇಳುವಂತೆಯೇ ಆಡಿಕೊಳ್ಳುತ್ತಿದ್ದರು.

ನನ್ನ ಗಂಡ ಗುಳವ್ಯಾ. ಅಂದರೆ ಗಾಣದಲ್ಲಿ ಕುದಿಯುವ ಕಬ್ಬಿನ ಹಾಲಿನ ಹದ ನೋಡಿ, ಬೆಲ್ಲವಾಯಿತು, ಕಡಾಯಿ ಇಳಿಸಿರಿ ಎಂದು ಹೇಳುವವರು. ಆ ವರ್ಷ ಅವರ ಬಲಗಾಲಿನ ಕಿರುಬೆರಳಿಗೆ ಆದ ಗಾಯ ಮಾಯಲೇ ಇಲ್ಲ. ಚಿಕ್ಕೋಡಿಯ ಡಾಕ್ಟರು ತಪಾಸಣೆ ಮಾಡಿ ಸಕ್ಕರೆ ಕಾಯಿಲೆ ಎಂದರು. ಗುಳಿಗೆ ಬರೆದುಕೊಟ್ಟು ನನ್ನ ಕಡೆ ತಿರುಗಿದರು.

"ಗುಳಿಗಿ ಒಂದರಿಂದ ಆಗೂದಿಲ್ಲವ್ವಾ. ಸಕ್ಕರಿ, ಬೆಲ್ಲ, ಕಬ್ಬಿನ ಹಾಲ ಎಲ್ಲಾ ಬಂದ್. ಅನ್ನ ಕಡಿಮಿ ಮಾಡು. ದಿನಾ ನಡೀಲಿ, ಕಾಲಾಗ ಚಪ್ಪಲಿ ಇರಲಿ. ಇಲ್ಲಾಂದ್ರ ಬೆರಳ ತಗೀಬೇಕಾಕ್ಕೈತಿ."

ಬೆರಳು ತೆಗೆಯುತ್ತಾರಂತೆ! ಹೆಂಗ ತಗೀತಾರ ನೋಡ್ತೀನಿ ಎಂದು ಹಟ ತೊಟ್ಟೆ. ಮನೆಮಂದಿಗೆಲ್ಲ ಸಪ್ಪನೆ ಚಹಾ ಮಾಡಿದೆ. ಜೋಳದ ರೊಟ್ಟಿ, ಮೆಂತ್ಯೆ ಪಲ್ಯ, ಹಾಗಲಕಾಯಿ, ಮಡಕಿಕಾಳು ಬಿಟ್ಟರೆ ಬೇರೆ ತಾಟಿಗೆ ಬೀಳಲಿಲ್ಲ. ಬೆಳಗಾದರೆ ಕೃಷ್ಣೆಯ ದಂಡೆಯವರೆಗೆ ನಡೆಸುತ್ತಿದ್ದೆ. ನಡುವೆ ಎಲ್ಲಿಯಾದರೂ ಕಟ್ಟೆ ಕಂಡರೆ ಕೂತುಬಿಡುತ್ತಾರೆಂದು ನಾನೂ ಹಿಂದೆಯೇ ಹೋಗುತ್ತಿದ್ದೆ. ಡಾಕ್ಟರು ಒಂದು ಬಾಟಲಿ ನೀಲಿ ನೀರು ಕೊಟ್ಟಿದ್ದರು. ಅದಕ್ಕೆ ಕೆಲವು ಹನಿ ಮೂತ್ರ ಹಾಕಿ ಕಾಸಬೇಕು. ನೀಲಿಯೇ ಉಳಿದರೆ ಚಿಂತೆಯಿಲ್ಲ, ಇಟ್ಟಂಗಿಯ ಬಣ್ಣಕ್ಕೆ ತಿರುಗಿದರೆ ಕೆಟ್ಟದ್ದು.

ವಾರ ವಾರವೂ ಇಟ್ಟಂಗಿಯ ಬಣ್ಣ. ನಾನು ಇಷ್ಟು ಸಾಯುವುದು ಯಾತಕ್ಕೆ ಎಂದು ಒಲೆಯ ಮುಂದೆ ಕೂತು ಅತ್ತೆ. ಅತ್ತ ಮೇಲೆ ಸಿಟ್ಟು ಬಂತು. ಪಕ್ಕದ ಮನೆಯಲ್ಲಿ ನನ್ನ ನಾದಿನಿ ಇದ್ದಳು. ಒಮ್ಮೆ ದೀಪಾವಳಿಗೆ ಸೆರಗಿನಡಿ ಶೇಂಗಾ ಹೋಳಿಗೆ ತಂದು ಅಣ್ಣನಿಗೆ ಕೊಡುವಾಗ ನನ್ನ ಕೈಗೆ ಸಿಕ್ಕಿದ್ದಳು. "ಒಂದ ತಿಂದ್ರ ಸಾಯ್ತಾನೇನ ನಮ್ಮಣ್ಣ?" ಅಂದಿದ್ದಳು. ಇವಳದೇ ಕೆಲಸ ಎಂದು ಓಣಿಯಲ್ಲೇ ನಿಂತು ಜಾಡಿಸಿದೆ.

"ನಿಮ್ಮಣ್ಣನ ಬೆರಳ ತಿನ್ನಾಕತ್ತಾಕಿ ನೀನ!"

"ಆವತ್ತಿನಿಂದ ಒಂದ ಹಳಕೂ ಕೊಟ್ಟಿಲ್ಲ, ನನ್ನ ಮಕ್ಕಳಾಣಿ" ಎಂದು ಅವಳು ಅತ್ತಳು. ನಾನು ನಂಬಲಿಲ್ಲ. ಎರಡೂ ಮನೆಗಳ ನಡುವಿನ ಬಾಗಿಲಿಗೆ ಅಗಳಿ ಹಾಕಿದೆ.

ಗಾಣದ ಹಂಗಾಮು ಜೋರಾಗಿದ್ದಾಗ ಒಂದು ಮಧ್ಯಾಹ್ನ ನಾನೇ ಬುತ್ತಿ ಒಯ್ದೆ. ಅವರು ಕಡಾಯಿಯಿಂದ ಒಂದು ಹನಿ ಪಾಕ ತೆಗೆದು ತಣ್ಣೀರಿಗೆ ಬಿಟ್ಟರು. ಬೆರಳಲ್ಲಿ ಉಂಡೆ ಮಾಡಿದರು. ಬಾಯಿಗೆ ಹಾಕಿಕೊಂಡು ಚಪ್ಪರಿಸಿ, "ಇನ್ನೊಂದೀಟ ಉರಿ ಹಾಕ್ರಿ" ಎಂದರು. ಸ್ವಲ್ಪ ಹೊತ್ತಿಗೆ ಮತ್ತೆ ಹನಿ, ಮತ್ತೆ ಉಂಡೆ, ಮತ್ತೆ ಬಾಯಿ.

"ಏನ ತಿನ್ನಾಕತ್ತೀರಿ?"

"ಏನೂ ಇಲ್ಲ."

"ಈಗ ಬಾಯಾಗ ಹೋತಲ್ಲ, ಅದೇನ?"

"ಅದ ತಿನ್ನೂದಲ್ಲ ಬೇ, ಹದ ನೋಡೂದು. ಕೆಲಸ ಅದು."

ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೇ ನನಗೆ ಸಿಟ್ಟು ನೆತ್ತಿಗೇರಿತು. ಚಹಾಕ್ಕೆ ಒಂದು ಹರಳು ಸಕ್ಕರೆ ಬೇಡದ ಮನುಷ್ಯ, ಕಡಾಯಿಗೆ ನಾಲ್ಕೈದು ಸಲದಂತೆ ದಿನವಿಡೀ ಬೆಲ್ಲ ನುಂಗುತ್ತಿದ್ದರು. ಅದು ಊಟದ ಲೆಕ್ಕಕ್ಕೇ ಬಂದಿರಲಿಲ್ಲ. ಗಾಣದಲ್ಲಿ ಇದ್ದ ಯಾರಿಗೂ ಬಂದಿರಲಿಲ್ಲ.

"ಅಂವನ ನಾಲಿಗಿ ಹೇಳಿದ ಮ್ಯಾಲನ ಕಡಾಯಿ ಇಳಿಯೂದವ್ವಾ. ಬಿಡು ಅಂದ್ರ ಹೆಂಗ?" ಅಂದ ಗಾಣದ ಮಾಲಕ.

"ನಾಲಿಗಿ ಬೇಕಾದ್ರ ನಿಮ್ಮದ ಹಚ್ರಿ! ನನಗ ಈ ಕಾಲ ಬೇಕು!"

"ಮಂದ್ಯಾಗ ಮಾನ ಕಳದೀ" ಎಂದು ನನ್ನ ಗಂಡ ಕೆಂಡವಾದರು. ಅದೇ ಸಿಟ್ಟಿನಲ್ಲಿ ಹನಿ ತೆಗೆದು, ಉಂಡೆ ಮಾಡಿ, ಬಾಯಿಗೆ ಹಾಕದೆ ಕಡಾಯಿಯ ಅಂಚಿಗೆ ಬೀಸಿ ಒಗೆದರು. ಟಣ್ಣೆಂದಿತು. ಹದಕ್ಕೆ ಬಂದ ಉಂಡೆಯ ಗಟ್ಟಿ ಸದ್ದು ಅದು. "ಇಳಸ್ರಿ" ಅಂದರು.

ಬೆಲ್ಲ ಎಂದಿನಂತೆಯೇ ಆಯಿತು. ಅದೇ ಬಣ್ಣ, ಅದೇ ಗಟ್ಟಿ. ನಾನು ಖುಷಿಪಡಬೇಕಿತ್ತು. ಆದರೆ ಬೆರಳು, ಕಿವಿ ಎರಡೇ ಸಾಕಾಗಿದ್ದ ಕೆಲಸಕ್ಕೆ ಇಷ್ಟು ವರ್ಷ ಬಾಯಿ ತಂದಿದ್ದರಲ್ಲ ಎಂದು ಮತ್ತಷ್ಟು ರೋಷ ಉಕ್ಕಿತು. ದಾರಿಯುದ್ದಕ್ಕೂ ಒಬ್ಬಳೇ ಬೈದುಕೊಳ್ಳುತ್ತ ಮನೆಗೆ ಬಂದೆ.

ಅಂದಿನಿಂದ ಉಂಡೆ ಅವರ ಬಾಯಿಗೆ ಹೋಗಲಿಲ್ಲ. ಕಾಸಿದ ನೀರು ಇಟ್ಟಂಗಿಯ ಬಣ್ಣ ಬಿಟ್ಟು ಮೆಲ್ಲಗೆ ಹಸಿರಾಯಿತು, ಆಮೇಲೆ ನೀಲಿಯಾಗಿಯೇ ಉಳಿಯಿತು. ಆದರೆ ಬೆರಳು ಅಷ್ಟರಲ್ಲಿ ಕಪ್ಪಾಗಿತ್ತು. ಮಿರಜಿನ ದವಾಖಾನೆಯಲ್ಲಿ ತೆಗೆದರು. ಕಾಲು ಉಳಿಯಿತು.

ಅವರನ್ನು ಮನೆಗೆ ಕರೆತಂದ ದಿನ ನಡುವಿನ ಬಾಗಿಲು ಬಡಿದ ಸಪ್ಪಳ. ಅಗಳಿ ತೆಗೆದೆ. ನಾದಿನಿ ತಾಟು ಹಿಡಿದು ನಿಂತಿದ್ದಳು. ಅಣ್ಣನ ಮುಂದೆ ಇಟ್ಟು, ಮಡಚಿದ ರೊಟ್ಟಿಯನ್ನು ನನ್ನ ಕಣ್ಣೆದುರೇ ಬಿಚ್ಚಿದಳು.

"ನೋಡ್ಕೋ. ಒಳಗ ಏನೂ ಮುಚ್ಚಿಟ್ಟಿಲ್ಲ."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ನನ್ನ ಗಂಡ ಒಂದು ತುತ್ತು ಪಲ್ಯ ಬಾಯಿಗಿಟ್ಟು ಚಪ್ಪರಿಸಿ, "ಉಪ್ಪ ಕಡಿಮಿ ಆಗೈತಿ" ಎಂದರು.

ನಾವಿಬ್ಬರೂ ಒಟ್ಟಿಗೇ ಅವರ ಮೇಲೆ ಹರಿಹಾಯ್ದೆವು.